ಓಬಕ್ಕನ ಕಂಬಳಿ

ಚಿತ್ರದುರ್ಗದ ಬಾಲಮಂದಿರದ ಗೇಟಿನ ಮುಂದೆ ಆಟೋ ನಿಂತು, ಮೊದಲು ಒಂದು ಕರಿಕಂಬಳಿ ಹೊರಗೆ ಬಂದು, ಅದರ ಹಿಂದೆ ಓಬಕ್ಕ ಇಳಿದಳು ಅಂದರೆ ಅವತ್ತು ಬೋರ್ಡು ಕೂರುವ ದಿನ ಅಂತ ಎದುರಿನ ಹೂವಿನವಳಿಗೂ ತಿಳಿಯುತ್ತಿತ್ತು. ಬೋರ್ಡು ಅಂದರೆ ಬಾಲ ನ್ಯಾಯ ಮಂಡಳಿ. ಹದಿನೆಂಟು ತುಂಬದ ಮಕ್ಕಳು ತಪ್ಪು ಮಾಡಿ ಸಿಕ್ಕಿಬಿದ್ದರೆ ಅವರನ್ನು ದೊಡ್ಡವರ ಕೋರ್ಟಿಗೆ ಎಳೆಯುವ ಹಾಗಿಲ್ಲವಲ್ಲ, ಅವರಿಗೆ ಅಂತಲೇ ಇರುವುದು ಇದು. ಒಬ್ಬರು ಮ್ಯಾಜಿಸ್ಟ್ರೇಟು, ಊರಿನ ಇಬ್ಬರು ಸದಸ್ಯರು, ನಡುವೆ ಒಂದು ಮೇಜು. ಕಟಕಟೆ ಇಲ್ಲ, ಖಾಕಿ ಇಲ್ಲ, ಕೂಗಿ ಕರೆಯುವ ಜವಾನನೂ ಇಲ್ಲ. ಊರಿನ ಆ ಇಬ್ಬರಲ್ಲಿ ಒಬ್ಬಳು ನಮ್ಮ ಓಬಕ್ಕ.

ಇನ್ನೊಬ್ಬರು ಜವಳಿ ಅಂಗಡಿಯ ಗಂಗಾಧರಪ್ಪ. ಹಣೆ ತುಂಬ ವಿಭೂತಿ, ಕಂಕುಳಲ್ಲಿ ಕಾನೂನಿನ ಪುಸ್ತಕ. ಅಂಗಡಿಯಲ್ಲಿ ಬಟ್ಟೆ ಅಳೆದ ಹಾಗೆಯೇ ಮಾತನ್ನೂ ಅಳೆದು ಆಡುವ ಮನುಷ್ಯ. ಓಬಕ್ಕನನ್ನು ಕಂಡರೆ ಮಾತ್ರ ಅವರ ನಾಲಿಗೆಗೆ ತುರಿಕೆ ಬರುತ್ತಿತ್ತು.

"ಏನ್ರಿ ಓಬಕ್ಕ, ಇವತ್ತೂ ಕೋರ್ಟನ್ನ ಹೆಗಲ ಮ್ಯಾಲೇ ಹಾಕ್ಕಂಡು ಬಂದ್ರಾ?"

"ಹ್ಞೂಂ ಮತ್ತೆ. ನೀವು ಕಾನೂನು ತಂದೀರೋ, ಅಂಗಡಿ ಗಲ್ಲೆ ಮ್ಯಾಲೆ ಮರ್ತು ಬಂದೀರೋ?"

ಕಂಬಳಿಯ ಕೆಲಸ ಇಷ್ಟೇ. ಮೇಜಿನ ಮುಂದೆ ಕುರ್ಚಿಯಲ್ಲಿ ಕೂರಿಸಿದರೆ ಮಕ್ಕಳು ಗಟ್ಟಿಯಾಗಿಬಿಡುತ್ತಿದ್ದರು. ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೇ. ಅದಕ್ಕೆ ಓಬಕ್ಕ ಮೇಜಿನ ಮಾತು ಮುಗಿದ ಮೇಲೆ ಒಬ್ಬೊಬ್ಬರನ್ನೇ ಹಿತ್ತಲಿನ ಹೊಂಗೆಮರದ ಕೆಳಗೆ ಕರೆದುಕೊಂಡು ಹೋಗಿ, ಕಂಬಳಿ ಹಾಸಿ, ಸೆರಗಿನ ಗಂಟಿಂದ ಮಂಡಕ್ಕಿ ಸುರಿದು, "ತಿನ್ನಪ್ಪ, ಆಮೇಲೆ ಮಾತಾಡಾಣ" ಅನ್ನುತ್ತಿದ್ದಳು. ಮಂಡಕ್ಕಿ ತಿನ್ನುತ್ತಾ ಸುಳ್ಳು ಹೇಳುವುದು ಕಷ್ಟ ಅಂತ ಅವಳ ನಂಬಿಕೆ. ಸೈಕಲ್ಲು ಕದ್ದವರು, ಅಂಗಡಿಯಿಂದ ಮೊಬೈಲು ಎಗರಿಸಿದವರು, ಕಲ್ಲು ತೂರಿ ಒಬ್ಬರ ತಲೆ ಒಡೆದವರು, ಎಲ್ಲರೂ ಆ ಕಂಬಳಿಯ ಮೇಲೆ ಕೂತು ಎದ್ದು ಹೋದವರೇ.

ಓಬಕ್ಕ ಸ್ವಾತಂತ್ರ್ಯ ಬಂದ ಮರುವರ್ಷ ಮದಕರಿಪುರದ ಕಡೆಯ ಒಂದು ಕುರಿಹಟ್ಟಿಯಲ್ಲಿ ಹುಟ್ಟಿದವಳು. ಅಪ್ಪ ಪಾಪಣ್ಣ ಕುರಿ ಕಾಯುತ್ತಿದ್ದ, ಈ ಕಂಬಳಿಯೂ ಅವನದೇ. ಹಟ್ಟಿಯಿಂದ ಓದೋದಕ್ಕೆ ಅಂತ ದುರ್ಗಕ್ಕೆ ಬಂದ ಮೊದಲ ಹೆಣ್ಣು ಅವಳು. ಬಾಲವಾಡಿ ಟೀಚರಾಗಿ ಸೇರಿ, ಅದು ಅಂಗನವಾಡಿ ಆಗುವುದನ್ನೂ ನೋಡಿ, ಕೂದಲು ಬೆಳ್ಳಗಾಗುವ ತನಕ ಊರಿನ ಅರ್ಧ ಮಕ್ಕಳ ಮೂಗು ಒರೆಸಿ ನಿವೃತ್ತಳಾದಳು. ಬೋರ್ಡಿಗೆ ಹೆಸರು ಬಂದಾಗ ಮಗಳು, "ನಿಂಗ್ಯಾಕವ್ವ ಈ ವಯಸ್ನಾಗೆ ಪೊಲೀಸು ಕೋರ್ಟು?" ಅಂದಿದ್ದಳು. ಓಬಕ್ಕನ ಹತ್ತಿರ ಉತ್ತರ ಇತ್ತು, ಅದರ ಹೆಸರು ರಂಗ.

ರಂಗಪ್ಪ ಅವಳ ತಮ್ಮ, ಎರಡು ವರ್ಷಕ್ಕೆ ಚಿಕ್ಕವನು. ಅವನಿಗೆ ಹನ್ನೆರಡಾಗಿದ್ದಾಗ ಹಟ್ಟಿಯ ಗೌಡರ ಟಗರಿನ ಕೊರಳಲ್ಲಿದ್ದ ಕಂಚಿನ ಗಂಟೆ ಕಾಣೆಯಾಯಿತು. ರಂಗನೇ ಕದ್ದ ಅಂದರು ಹಟ್ಟಿಯವರು. ಕದ್ದಿಲ್ಲ ಅಂದರು ಮನೆಯವರು. ಅದೇ ಜಗಳದಲ್ಲಿ ಒಂದು ಸುಗ್ಗಿ ಕಳೆಯಿತು. ಒಂದು ದಿನ ಬೆಳಿಗ್ಗೆ ರಂಗ ಪುಣೆ ರಸ್ತೆಗೆ ನಡೆದು ಹೋಗಿ ಒಂದು ಲಾರಿ ಹತ್ತಿದ. ಹತ್ತಿದ್ದನ್ನು ನೋಡಿದವರಿದ್ದರು, ಇಳಿದದ್ದನ್ನು ನೋಡಿದವರು ಯಾರೂ ಸಿಗಲಿಲ್ಲ. ಅವ್ವ ಗಿರಿಯಮ್ಮ ಸಾಯುವ ತನಕ ಬಂದವರಿಗೆಲ್ಲ ಹೇಳುತ್ತಿದ್ದುದು ಒಂದೇ ಮಾತು: "ನನ್ ಮಗ ಕದ್ದಿರ್ಲಿಲ್ಲ." ಅವ್ವ ಹೋದ ಮೇಲೆ ಆ ಮಾತು ಓಬಕ್ಕನ ಬಾಯಿಗೆ ಬಂತು. ತಮ್ಮನ ಸುದ್ದಿ ಯಾರೇ ಎತ್ತಲಿ, "ನಮ್ ರಂಗ ಕದ್ದಿರ್ಲಿಲ್ಲ ಬಿಡ್ರಿ" ಅಂದು ಒಳಗೆ ಎದ್ದು ಹೋಗುತ್ತಿದ್ದಳು.

ಹೀಗಿರುವಾಗ ಒಂದು ದೀಪಾವಳಿ ಕಳೆದ ಚಳಿಯಲ್ಲಿ ಪಾಲಯ್ಯ ಬಂದ.

ಹದಿನಾಲ್ಕರ ಹುಡುಗ. ಕಡ್ಡಿಯಂಥ ಕಾಲು, ಮೊಣಕೈ ತನಕ ಮುಳ್ಳು ಗೀರಿದ ಗಾಯ. ಚಿತ್ತಯ್ಯ ಅನ್ನುವವರ ಕುರಿ ಕಾಯಲು ನಿಂತಿದ್ದವನು. ಹಿಂಡಿನಲ್ಲಿ ಮೂರು ಕುರಿ ಇಲ್ಲ, ಹುಡುಗನೂ ಇಲ್ಲ. ಹುಡುಕಿದಾಗ ಜೋಗಿಮಟ್ಟಿಯ ಕಾಡಿನ ಅಂಚಿನಲ್ಲಿ ಸಿಕ್ಕ, ಜೊತೆಗಿದ್ದದ್ದು ಎರಡೇ ಕುರಿ. ಇನ್ನೊಂದನ್ನು ಚಿರತೆ ಹಿಡಿಯಿತು ಅಂದನಂತೆ. ಅವನ ಅವ್ವ ನಿಂಗಕ್ಕ ಅವತ್ತೇ ಬಂದು ಮನೆಗೆ ಕರೆದಿದ್ದಳು, ಕಳಿಸಲು ಬೋರ್ಡೂ ಒಪ್ಪಿತ್ತು. ಹುಡುಗನೇ ಒಲ್ಲೆ ಅಂದ. ಕಂಬ ಹಿಡಿದುಕೊಂಡು ನಿಂತುಬಿಟ್ಟನಂತೆ. ಹಾಗಾಗಿ ಬಾಲಮಂದಿರದಲ್ಲೇ ಉಳಿದಿದ್ದ.

ಮ್ಯಾಜಿಸ್ಟ್ರೇಟ್ ಮೇಡಂ ಮಂಗಳೂರು ಕಡೆಯವರು, ಓಬಕ್ಕನ ಮಗಳ ವಯಸ್ಸು. ಮೆತ್ತಗಿನ ದನಿಯಲ್ಲಿ ಕೇಳಿದರು: "ಪಾಲಯ್ಯ, ಹೆದರಬೇಡ ಆಯ್ತಾ? ಆ ಮೂರು ಕುರಿಗಳ ವಿಷಯ ನಿನಗೆ ಗೊತ್ತುಂಟಾ?"

"ನಾನೇ ಹೊಡ್ಕಂಡ್ ಹೋದೆ."

ಮೇಡಂ ಪೆನ್ನು ನಿಂತಿತು. ಗಂಗಾಧರಪ್ಪ, "ಅಯ್ಯೋ ಶಿವನೇ! ಕೇಳಿದ್ದೇ ತಡ ಒಪ್ಕಂಡೇ ಬಿಟ್ಟನಲ್ರಿ" ಅಂದರು.

ಓಬಕ್ಕನಿಗೆ ನಗು ಬಂತು. "ತಡೀರಿ, ತಡೀರಿ. ನಿಮ್ ಪ್ಯಾಟೇನಾಗೆ ಹೊಡ್ಕಂಡ್ ಹೋಗೋದು ಅಂದ್ರೆ ಕದಿಯೋದು. ಕುರಿಯೋರಿಗೆ ಹಂಗಲ್ಲ ಮೇಡಂ. ನಮ್ಮಪ್ಪ ಜೀವಮಾನ ಎಲ್ಲಾ ಕುರಿ ಹೊಡ್ಕಂಡೇ ಹೋದ, ಹೊಡ್ಕಂಡೇ ಬಂದ. ಹಂಗಂತ ಅವನೇನು ಕಳ್ಳನಾ? ಕುರೀನ ಮತ್ತೆ ಹೆಂಗೆ ಕರ್ಕಂಡ್ ಹೋಗ್ತಾರೆ, ಕೈ ಹಿಡ್ಕಂಡಾ? ಮುಂದೆ ಬಿಟ್ಟು ಹಿಂದಿಂದ ಹೊಡ್ಕಂಡೇ ಹೋಗ್ಬೇಕು!" ಅಂದು ಹುಡುಗನ ಕಡೆ ತಿರುಗಿ, "ಅಲ್ವೇನೋ ಮಗಾ? ಮೇಯ್ಸಕ್ಕೆ ತಾನೇ ಹೊಡ್ಕಂಡ್ ಹೋಗಿದ್ದು? ಕಾಡ್ನಾಗೆ ದಾರಿ ತಪ್ತು, ಚಿರ್ತೆ ಬಂತು, ಹೆದ್ರಿ ಕುಂತೆ. ಹೌದು ತಾನೇ?" ಅಂತ ಕೇಳಿದಳು.

ಹುಡುಗ ಅವಳ ಮುಖ ನೋಡಿದ. ಆಮೇಲೆ ನೆಲ ನೋಡಿದ. "ಹ್ಞೂಂ ಕಣಮ್ಮ" ಅಂದ.

ಮೇಡಂ ಮುಖ ಅರಳಿತು. ಒಂದು ಮಾತಿನಿಂದ ಇಷ್ಟು ದೊಡ್ಡ ಎಡವಟ್ಟಾಗುತ್ತಿತ್ತಲ್ಲ ಅಂತ ಅವರಿಗೆ ಗಾಬರಿಯೂ ಆಯಿತು. "ಹಾಗಾದರೆ ಮುಂದಿನ ಸಲ ಇದನ್ನು ಮುಗಿಸಿಬಿಡೋಣ. ಓಬಕ್ಕ, ನೀವೊಮ್ಮೆ ಅವನ ಹತ್ತಿರ ಕೂತು ಮಾತಾಡಿ" ಅಂದರು.

ಗಂಗಾಧರಪ್ಪ ಮಾತ್ರ ಪುಸ್ತಕ ಮುಚ್ಚುತ್ತಾ, "ಎಲ್ಲಾ ಸರೀರಿ. ಆದ್ರೆ ತಪ್ಪೇ ಮಾಡಿಲ್ದೋನು ಮನೆಗೆ ಯಾಕೆ ಹೋಗಲ್ಲ ಅಂತಾನೆ?" ಅಂದರು.

"ಹೆದ್ರಿಕೆ ಕಣ್ರಿ. ನಿಮ್ ಮಖ ನೋಡಿದ್ರೆ ನಾನೂ ಹೆದರ್ತೀನಿ" ಅಂದಳು ಓಬಕ್ಕ. ಗಂಗಾಧರಪ್ಪ ನಕ್ಕರು. ಆ ಮನುಷ್ಯ ಕೇಳಿದ್ದರಲ್ಲಿ ಹುರುಳಿತ್ತು. ಆದರೆ ಗೆದ್ದ ಎತ್ತಿಗೆ ಕಣ್ಣು ಕಾಣುತ್ತದೆಯೇ!

ಕುಣಿಯುತ್ತಲೇ ಹಿತ್ತಲಿಗೆ ಬಂದಳು ಓಬಕ್ಕ. ಹೊಂಗೆಮರದ ಕೆಳಗೆ ಕಂಬಳಿ ಕೊಡವಿ ಹಾಸಿದಳು. ಮಂಡಕ್ಕಿಯ ಗಂಟು ಬಿಚ್ಚಿದಳು. "ಬಾರಪ್ಪ, ಕುಂತ್ಕ" ಅಂದಳು.

ಪಾಲಯ್ಯ ಕಂಬಳಿಯ ಅಂಚಿನ ತನಕ ಬಂದು ನಿಂತ. ಕೂರಲಿಲ್ಲ.

"ಕುಂತ್ಕಳಲೇ, ನೆಲ ತಣ್ಣಗೈತೆ."

"ಒಲ್ಲೆ."

"ಯಾಕೋ? ಮಂಡಕ್ಕಿ ಬ್ಯಾಡ್ವಾ?"

"ಮಂಡಕ್ಕಿ ಕೊಡ್ರಿ, ನಿಂತ್ಕಂಡೇ ತಿಂತೀನಿ. ಕಂಬ್ಳಿ ಮ್ಯಾಲೆ ಬ್ಯಾಡ."

"ಏನು, ನಮ್ಮಪ್ಪನ ಕಂಬ್ಳಿ ಚುಚ್ತೈತಾ ನಿಂಗೆ?"

ಹುಡುಗ ತಲೆ ತಗ್ಗಿಸಿದ. "ಕಂಬ್ಳಿ ಮ್ಯಾಲೆ ಕುಂತ್ರೆ ನಿಜಾನೇ ಹೇಳ್ಬೇಕಲ್ಲಮ್ಮ" ಅಂದ.

ಓಬಕ್ಕನ ಕೈಯಲ್ಲಿದ್ದ ಮಂಡಕ್ಕಿ ಕೈಯಲ್ಲೇ ಉಳಿಯಿತು.

ಆ ಕಂಬಳಿಯ ಮೇಲೆ ಇಷ್ಟು ದಿನ ಕೂತವರೆಲ್ಲ ಪೇಟೆಯ ಮಕ್ಕಳು. ಅವರಿಗೆ ಅದು ಹಾಸಿಗೆ, ಅಷ್ಟೇ. ಅವಳಿಗೂ ಬರಬರುತ್ತಾ ಹಾಸಿಗೆಯೇ ಆಗಿಹೋಗಿತ್ತು. ಹಟ್ಟಿಯಲ್ಲಿ ಹಾಗಲ್ಲ. ಅಲ್ಲಿ ನ್ಯಾಯ ಕೂರುವುದು ಕಂಬಳಿಯ ಮೇಲೆ. ದೇವರನ್ನು ಕೂರಿಸುವುದು ಅದರ ಮೇಲೆ, ಮದುಮಕ್ಕಳನ್ನು ಕೂರಿಸುವುದು ಅದರ ಮೇಲೆ. ಅಂಥದರ ಮೇಲೆ ಕೂತು ಸುಳ್ಳಾಡಿದವನ ಹಿಂಡು ಉಳಿಯುವುದಿಲ್ಲ ಅಂತ ಮಾತು. ಸುಳ್ಳು ಹೇಳಬೇಕು ಅಂದುಕೊಂಡವನು ಕಂಬಳಿ ತುಳಿಯುವುದಿಲ್ಲ, ದೂರ ನಿಂತೇ ಹೇಳುತ್ತಾನೆ.

ನಲವತ್ತಾರು ವರ್ಷದ ಹಿಂದಿನ ಒಂದು ಬೆಳಗು ಅವಳ ಕಣ್ಣ ಮುಂದೆ ಬಂದು ನಿಂತಿತು. ಹಟ್ಟಿಯ ನಡುವೆ ಇಂಥದೇ ಕಂಬಳಿ. ಸುತ್ತ ಹಿರಿಯರು. ಗಂಟೆಯ ವಿಷಯ. "ರಂಗಾ, ಬಂದು ಕೂರಪ್ಪ" ಅಂದಿದ್ದರು. ರಂಗ ಒಂದು ಕಾಲು ಎತ್ತಿದ್ದ. ಬಾಯಿಯೂ ತೆರೆದಿದ್ದ. ಅಷ್ಟರಲ್ಲಿ ಅವ್ವ ಹಾರಿ ಬಂದು ಅವನ ಬಾಯಿ ಮುಚ್ಚಿ, "ನನ್ ಮಗ ಕದ್ದಿಲ್ಲ! ಕದ್ದಿದ್ರೆ ನನ್ ಕಣ್ಣು ಹೋಗ್ಲಿ!" ಅಂತ ಕೂಗಿ, ರಟ್ಟೆ ಹಿಡಿದು ಮನೆಗೆ ಎಳೆದುಕೊಂಡು ಬಂದಿದ್ದಳು. ಎತ್ತಿದ ಕಾಲನ್ನು ಅವನು ಕಂಬಳಿಯ ಮೇಲೆ ಇಡಲೇ ಇಲ್ಲ.

"ಒಲ್ಲೆ ಅಂದ್ರೆ ಬ್ಯಾಡ ಬಿಡಪ್ಪ" ಅಂದು ಕಂಬಳಿ ಸುತ್ತಿ ಹೆಗಲಿಗೆ ಹಾಕಿಕೊಂಡಳು. ಹೇಗೂ ಮುಂದಿನ ಸಲ ಬಿಡುಗಡೆ. ಯಾಕೆ ಕೆದಕಬೇಕು? ಗಾಯದ ಹಕ್ಕಳೆ ಕಿತ್ತು ಯಾರಿಗೆ ಏನು ಸಿಗುತ್ತದೆ? ಅಂತ ತನಗೆ ತಾನೇ ಹೇಳಿಕೊಂಡು ಗೇಟಿನ ತನಕ ಹೋಗಿ ತಿರುಗಿ ನೋಡಿದಳು. ಹುಡುಗ ಕಂಬಳಿ ಹಾಸಿದ್ದ ಜಾಗವನ್ನೇ ನೋಡುತ್ತಾ ನಿಂತಿದ್ದ.

ಮಾರನೇ ದಿನ ಬೆಳಿಗ್ಗೆಯೇ ಬಸ್ಸು ಹತ್ತಿ ಪಾಲಯ್ಯನ ಹಟ್ಟಿಗೆ ಹೋದಳು. ಇಂಥ ಮನೆ ಅಂತ ಯಾರನ್ನೂ ಕೇಳಬೇಕಾಗಲಿಲ್ಲ. ದೂರಕ್ಕೇ ನಿಂಗಕ್ಕನ ಗಂಟಲು ಕೇಳುತ್ತಿತ್ತು. ಯಾವಳೋ ನೀರಿನ ಹತ್ತಿರ "ಕುರಿಕಳ್ಳನ ತಾಯಿ" ಅಂದಳಂತೆ. ನಿಂಗಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತು, "ನನ್ ಮಗ ಕದ್ದಿಲ್ಲ! ಕದ್ದಿದ್ರೆ ನನ್ ಕಣ್ಣು ಹೋಗ್ಲಿ!" ಅಂತ ಹಟ್ಟಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದಳು.

ಓಬಕ್ಕ ಅಲ್ಲೇ ನಿಂತಳು. ಅದೇ ಮಾತು! ಅಕ್ಷರವೂ ಆಚೀಚೆ ಇಲ್ಲ. ಅವ್ವ ಸತ್ತು ಎಷ್ಟೋ ವರ್ಷವಾಗಿದ್ದರೂ ಅವ್ವನೇ ಎದುರಿಗೆ ನಿಂತು ಕೂಗಿದ ಹಾಗಾಯಿತು.

ಬಂದವಳು ಬೋರ್ಡಿನ ಓಬಕ್ಕ ಅಂತ ಯಾರೋ ಹೇಳಿದರು. ನಿಂಗಕ್ಕ ಕಣ್ಣೊರೆಸಿಕೊಂಡು, "ಬರ್ರಿ ಅಮ್ಮಾ, ಕುಂತ್ಕಳ್ರಿ. ನೀವೇ ಹೇಳಿದ್ರಂತಲ್ಲ ಕದ್ದಿಲ್ಲ ಅಂತ. ನಿಮ್ ಹೊಟ್ಟೆ ತಣ್ಣಗಿರ್ಲಿ. ಇವ್ರಿಗೆಲ್ಲಾ ಒಂದ್ಸಲ ಹೇಳಿ ಹೋಗ್ರಿ" ಅಂದಳು. ಈ ಹಟ್ಟಿಯಲ್ಲಿ ಹುಡುಗನಿಗೆ ಎರಡೇ ಜಾಗ ಇವೆ ಅಂತ ಓಬಕ್ಕನಿಗೆ ಕಂಡಿತು. ಒಂದು ಕಡೆ ಕಳ್ಳ ಅನ್ನುವವರು. ಇನ್ನೊಂದು ಕಡೆ ಕದ್ದೇ ಇಲ್ಲ ಅನ್ನುವ ಅವ್ವ. ಕದ್ದವನಾಗಿ, ಆದರೂ ಇವರವನೇ ಆಗಿ ಬಂದು ನಿಲ್ಲೋದಕ್ಕೆ ಒಂದು ಗೇಣು ನೆಲ ಇಲ್ಲ. ರಂಗನಿಗೂ ಇರಲಿಲ್ಲ.

ಚಿತ್ತಯ್ಯ ಹಟ್ಟಿಯ ಹಿಂದೆ ಕುರಿ ಕೂಡುವ ರೊಪ್ಪದಲ್ಲಿ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದ. ಅರವತ್ತು ದಾಟಿದ ಒರಟು ಮನುಷ್ಯ.

"ಕುರಿ ಹೋತು ಅಂತ ಅಲ್ಲಮ್ಮ" ಅಂದ ಓಬಕ್ಕನ ಕಡೆ ನೋಡದೆ. "ಚಿರ್ತೆ ಒಯ್ತೈತೆ, ತೋಳ ಒಯ್ತೈತೆ, ರೋಗ ಒಯ್ತೈತೆ. ನನ್ ಮನ್ಯಾಗೆ ಉಂಡ ಹುಡುಗ ಒಂದ್ ಮಾತು ಹೇಳ್ದೆ ಹೋದ್ನಲ್ಲ, ಅದು ನುಂಗಕ್ಕಾಗ್ವಲ್ದು."

"ಬೋರ್ಡು ಕೂರೋ ದಿನ ನೀವೂ ಬರ್ತೀರಾ?"

"ಬಂದೇನು ಮಾಡ್ಲಿ?"

"ಬರ್ರಿ ಸುಮ್ಕೆ. ಕುಂತ್ಕಳಕ್ಕೆ ಬರ್ರಿ."

ಸಂಜೆಯೊಳಗೆ ಓಬಕ್ಕ ಬಾಲಮಂದಿರಕ್ಕೆ ಮರಳಿದಳು. ಹೊಂಗೆಮರದ ಕೆಳಗೆ ಕಂಬಳಿ ಹಾಸಿ, ಒಂದು ಮೂಲೆಯಲ್ಲಿ ತಾನು ಕೂತಳು. ಪಾಲಯ್ಯನನ್ನು ಕರೆಯಲಿಲ್ಲ. ಅವನೇ ಬಂದು ಮೊದಲಿನ ಜಾಗದಲ್ಲೇ ನಿಂತ.

"ನಂಗೊಬ್ಬ ತಮ್ಮ ಇದ್ದ ಕಣೋ" ಅಂದಳು ಓಬಕ್ಕ. "ನಿನ್ನಷ್ಟೇ ಇದ್ದ. ಅವ್ನು ಕಂಬ್ಳಿ ಮ್ಯಾಲೆ ಕೂರಕ್ಕೆ ಬಂದ. ನಾವೇ ಬಿಡ್ಲಿಲ್ಲ. ಕರ್ಕಂಡ್ ಬಂದ್ ಬಿಟ್ವಿ."

"ಆಮ್ಯಾಕೆ?"

"ಆಮ್ಯಾಕೆ ಲಾರಿ ಹತ್ತಿದ. ಬರ್ಲೇ ಇಲ್ಲ."

"ನಾನೂ ಅಂಗೇ ಅನ್ಕಂಡಿದ್ದೆ" ಅಂದ. "ಇವ್ರು ಬಿಟ್ ತಕ್ಷಣ ಹೈವೇಗೆ ಹೋಗಿ ಲಾರಿ ಹತ್ತಾಣ ಅಂತ."

ಓಬಕ್ಕ ಬಿಡುಗಡೆ ಮಾಡಿಸುತ್ತೇನೆ ಅಂತ ಕುಣಿದುಕೊಂಡು ಬಂದಿದ್ದಳಲ್ಲ ಮಹಾತಾಯಿ! ಯಾವ ರಸ್ತೆಗೆ ಬಿಡುತ್ತಿದ್ದಳು ಅಂತ ಈಗ ಗೊತ್ತಾಯಿತು. ಪಕ್ಕದ ಜಾಗವನ್ನು ಅಂಗೈಯಲ್ಲಿ ಸವರಿದಳು, ಅಷ್ಟೇ.

ಪಾಲಯ್ಯ ಚಪ್ಪಲಿ ಕಳಚಿದ. ಕಂಬಳಿಯ ಮೇಲೆ ಕಾಲಿಟ್ಟ. ಮಂಡಿ ಮಡಚಿ ಕೂತ. ಕೂತ ಮೇಲೆ ಮಾತು ತಡೆಯಲಿಲ್ಲ.

ಚುಕ್ಕ ಅಂತ ಒಂದು ಟಗರುಮರಿ. ಹಣೆಯ ಮೇಲೆ ಬಿಳಿ ಬೊಟ್ಟು. ಹುಟ್ಟಿದ ದಿನವೇ ತಾಯಿ ಸತ್ತಿತ್ತು. ಪಾಲಯ್ಯನೇ ಬಾಟಲಿಯಲ್ಲಿ ಆಕಳ ಹಾಲು ಕುಡಿಸಿ, ಅಂಗಿಯೊಳಗೆ ಹಾಕಿಕೊಂಡು ಮಲಗಿ ದೊಡ್ಡದು ಮಾಡಿದ್ದ. ಗಂಡುಮರಿಗಳನ್ನು ಮಾರುವುದು ಕುರಿಯವರ ಬದುಕು, ಚಿತ್ತಯ್ಯ ಅದನ್ನೂ ಸಂತೆಗೆ ಹೊಡೆಯುವವನಿದ್ದ. ಹುಡುಗನಿಗೆ ತಡೆಯಲಾಗಲಿಲ್ಲ.

"ಸರಿ, ಚುಕ್ಕನ್ನ ಹೊಡ್ಕಂಡ್ ಹೋದೆ. ಇನ್ನೆರಡು ಯಾಕೋ?"

"ಒಂದೇ ಕುರಿ ಒಂಟಿಯಾಗಿ ನಡ್ಯಲ್ಲಲ್ಲಮ್ಮ" ಅಂದ ಹುಡುಗ, ಇಷ್ಟೂ ಗೊತ್ತಿಲ್ವಾ ಅನ್ನೋ ಹಾಗೆ. "ತಿರುಗಿ ತಿರುಗಿ ಹಿಂಡಿನ ಕಡೇನೇ ಓಡ್ತಿತ್ತು. ಜತೆಗಿರ್ಲಿ ಅಂತ ಎರಡು ಹೊಡ್ಕಂಡೆ." ಆಮೇಲೆ ತಾನಾಗಿಯೇ, "ಹೊಡ್ಕಂಡ್ ಹೋಗಿದ್ದಲ್ಲಮ್ಮ. ಕದ್ದಿದ್ದು. ನೀವು ಕೇಳ್ದಾಗ ಹ್ಞೂಂ ಅಂದ್ಬಿಟ್ಟೆ" ಅಂದ.

"ನಾನೇ ಅನ್ಸಿದ್ದು ಬಿಡು" ಅಂದಳು ಓಬಕ್ಕ. ಕುರಿಯವರ ಮಾತು ತನಗೊಬ್ಬಳಿಗೇ ತಿಳಿಯುತ್ತದೆ ಅನ್ನುವ ಗತ್ತಿನಲ್ಲಿ ಹುಡುಗನ ಮಾತನ್ನೇ ಕೇಳಿಸಿಕೊಂಡಿರಲಿಲ್ಲ. ಪೇಟೆಯ ಗಂಗಾಧರಪ್ಪನಿಗೆ ಸರಿಯಾಗಿ ಕೇಳಿಸಿತ್ತು. ಅದನ್ನು ನೆನೆದರೆ ಆ ಸಂಕಟದಲ್ಲೂ ಅವಳಿಗೆ ಸಿಟ್ಟು ಬಂತು.

ಬೋರ್ಡಿನ ದಿನ ಬಂತು. ಮೇಡಂ ಕಡತ ಬಿಚ್ಚಿ ಇನ್ನೇನು ಶುರು ಮಾಡಬೇಕು, ಓಬಕ್ಕ ಎದ್ದು ನಿಂತಳು.

"ಮೇಡಂ, ಮೊನ್ನೆ ನಾನು ಹೇಳಿದ ಅರ್ಥ ತಪ್ಪು. ಹುಡುಗ ಹೇಳಿದ್ದು ನಿಮಗೆ ಹೆಂಗೆ ಕೇಳಿಸ್ತೋ ಅಂಗೇ ಸರಿ. ಅವ್ನು ಕದ್ದಿದ್ದಾನೆ. ಅವ್ನೇ ಹೇಳ್ತಾನೆ."

ಮೇಡಂ ದಂಗಾದರು. ಗಂಗಾಧರಪ್ಪ ಈಗ ಕುಟುಕುತ್ತಾರೆ ಅಂತ ಓಬಕ್ಕ ಕಾದಳು. ಆ ಮನುಷ್ಯ ಕುಟುಕಲಿಲ್ಲ. ಪುಸ್ತಕ ತೆರೆದು ಒಂದು ಪುಟದ ಮೇಲೆ ಬೆರಳಿಟ್ಟು, "ಕದ್ದಿದ್ದಾನೆ ಅಂದ ತಕ್ಷಣ ದೂರ ಕಳಿಸ್ಬೇಕು ಅಂತೇನಿಲ್ರಿ ಮೇಡಂ. ಬುದ್ಧಿ ಹೇಳಿ ಮನೆಗೆ ಕಳ್ಸಕ್ಕೂ ಜಾಗ ಐತೆ ಇದ್ರಾಗೆ. ಯಾರಾದ್ರೂ ಮ್ಯಾಲೊಂದು ಕಣ್ಣಿಟ್ಟಿದ್ರೆ ಸಾಕು" ಅಂದರು.

"ಆದರೆ ಅವನು ಮನೆಗೆ ಹೋಗುವುದಿಲ್ಲ ಅಂತಾನಲ್ಲ?"

"ಹೋಗ್ತಾನೆ ಮೇಡಂ" ಅಂದಳು ಓಬಕ್ಕ. "ಅದಕ್ಕೆ ಮುಂಚೆ ಒಬ್ರ ಜತೆ ಕೂರ್ಬೇಕು ಅವ್ನು. ನೀವೂ ಹಿತ್ತಲಿಗೆ ಬರ್ರಿ, ಹೋಗಾಣ."

ಹೀಗೆ ಅವತ್ತು ಬೋರ್ಡು ಮೇಜು ಬಿಟ್ಟು ನೆಲಕ್ಕೆ ಇಳಿಯಿತು. ಮೇಡಂ ಚಪ್ಪಲಿ ಬಿಟ್ಟು ಕಂಬಳಿಯ ಅಂಚಿನಲ್ಲಿ ಸೀರೆ ಸರಿಮಾಡಿಕೊಂಡು ಕೂತರು. ಗಂಗಾಧರಪ್ಪ ಮಂಡಿನೋವಿಗೆ "ಶಿವಶಿವಾ" ಅನ್ನುತ್ತಾ ಕಂತು ಕಂತಾಗಿ ಇಳಿದರು. ಚಿತ್ತಯ್ಯ ರುಮಾಲು ಸುತ್ತಿ ಬಂದಿದ್ದ, ಕಂಬಳಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು ಕೂತ. ನಿಂಗಕ್ಕ ಮರಕ್ಕೆ ಒರಗಿ ನಿಂತಳು, ಹತ್ತಿರ ಬರಲಿಲ್ಲ.

ಪಾಲಯ್ಯ ಬಂದು ಚಿತ್ತಯ್ಯನ ಎದುರಿಗೆ ಕೂತ.

ನಿಂಗಕ್ಕನಿಗೆ ತಡೆಯಲಾಗಲಿಲ್ಲ. "ನನ್ ಮಗ ಕದ್ದಿ..." ಅಂತ ಮುಂದೆ ಬಂದಳು. ಓಬಕ್ಕ ಎದ್ದು ಅವಳ ಕೈ ಹಿಡಿದುಕೊಂಡಳು. ಗಟ್ಟಿಯಾಗಿ ಹಿಡಿದುಕೊಂಡಳು.

"ಕದ್ದೆ ಕಣವ್ವ" ಅಂದ ಪಾಲಯ್ಯ. ಆಮೇಲೆ ಚಿತ್ತಯ್ಯನ ಕಡೆ ತಿರುಗಿ, "ಮಾವ, ನಾನೇ ಕದ್ದೆ. ತಪ್ಪಾತು" ಅಂದ.

ನಿಂಗಕ್ಕ ಓಬಕ್ಕನ ಹೆಗಲ ಮೇಲೆ ಮುಖ ಇಟ್ಟು ಅಳತೊಡಗಿದಳು. ಹೊಂಗೆಮರದಲ್ಲಿ ಕಾಗೆಯೊಂದು ಕೂಗಿ ಹಾರಿತು. ಚಿತ್ತಯ್ಯ ಎಷ್ಟೋ ಹೊತ್ತು ಕಂಬಳಿಯ ನೂಲು ಎಳೆಯುತ್ತಾ ಕೂತಿದ್ದ.

"ಚಿರ್ತೆ ಹಿಡಿದಿದ್ದು ಯಾವ್ದನ್ನೋ?" ಅಂದ ಕೊನೆಗೆ.

"ಚುಕ್ಕನ್ನ."

ಅಷ್ಟು ಹೇಳಿದ್ದೇ, ಇಷ್ಟು ದಿನ ಒಂದು ಹನಿ ಹಾಕದಿದ್ದ ಹುಡುಗ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಹೋ ಅಂತ ಅತ್ತ. ಉಳಿಸಬೇಕು ಅಂತ ಕದ್ದದ್ದು ಅದೊಂದನ್ನೇ. ಜೊತೆಗಿರಲಿ ಅಂತ ತಂದ ಎರಡು ನೆಟ್ಟಗಿದ್ದವು.

ಚಿತ್ತಯ್ಯ ರುಮಾಲು ತೆಗೆದು ಮೂಗೊರೆಸಿಕೊಂಡ. ಎಳೆದು ಹುಡುಗನನ್ನು ಮಗ್ಗುಲಿಗೆ ಹಾಕಿಕೊಂಡ. ಬೈಯಲು ಶುರು ಮಾಡಿದ. "ಲೇ ಕತ್ತೆ ಭಡವ! ಒಂಟಿ ಕುರಿ ನಡ್ಯಲ್ಲ ಅಂತ ಜತೆಗೆ ಎರಡು ಹೊಡ್ಕಂಡ್ ಹೋಗೋ ಬುದ್ಧಿ ಐತೆ ನಿಂಗೆ. ನೀನೊಬ್ಬನೇ ಒಂಟಿಯಾಗಿ ಎಲ್ಲಿಗೋ ಹೋಗಕ್ಕೆ ಹೊಂಟಿದ್ದೆ? ಹಾಂ? ಬಂದು ಒಂದ್ ಮಾತು ಹೇಳಿದ್ರೆ ಏನ್ ಮಾಡ್ತಿದ್ದೆ ನಾನು? ಬಯ್ತಿದ್ದೆ. ಬೈದು ಉಣ್ಣಕ್ಕಿಕ್ತಿದ್ದೆ!"

ಗಂಗಾಧರಪ್ಪ ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು. ಮೇಡಂ ಕಡತವನ್ನು ತೊಡೆಯ ಮೇಲೆ ಇಟ್ಟುಕೊಂಡು ಅಲ್ಲೇ ಬರೆದರು: ಹುಡುಗನಿಗೆ ಬುದ್ಧಿ ಹೇಳಲಾಗಿದೆ, ತಾಯಿಯ ಜೊತೆ ಮನೆಗೆ ಕಳಿಸಿದೆ, ಓಬಕ್ಕ ಆಗಾಗ ಹೋಗಿ ನೋಡತಕ್ಕದ್ದು. ಬರೆದು ಮುಗಿಸಿ ಓಬಕ್ಕನನ್ನು ನೋಡಿ ನಕ್ಕರು. ನಿಂಗಕ್ಕ ಮಗನ ಬೆನ್ನಿಗೆ ಎರಡು ಗುದ್ದಿ, ಗುದ್ದಿದ ಜಾಗವನ್ನೇ ಸವರುತ್ತಾ ನಿಂತಳು.

"ನಡೀರಿ, ಬಸ್ಸಿಗೆ ಹೊತ್ತಾತು" ಅಂತ ಚಿತ್ತಯ್ಯ ಎದ್ದ. ಎಲ್ಲರೂ ಎದ್ದರು. ಗಂಗಾಧರಪ್ಪನನ್ನು ಎಬ್ಬಿಸಲು ಇಬ್ಬರು ಬೇಕಾಯಿತು.

ಕಂಬಳಿ ಮಡಿಸಲೂ ಇಬ್ಬರು ಬೇಕು. ಅಷ್ಟು ದೊಡ್ಡ ಕಂಬಳಿ. ದಿನಾ ಓಬಕ್ಕ ಒಬ್ಬಳೇ ಸುತ್ತಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ಗೇಟಿನ ತನಕ ಹೋಗಿದ್ದ ಪಾಲಯ್ಯ ಅದನ್ನು ಕಂಡು ಓಡಿ ಬಂದು ಆ ತುದಿ ಹಿಡಿದ.

ಓಬಕ್ಕ ಈ ತುದಿ ಹಿಡಿಯಲು ಬಗ್ಗಿದಳು. ಅವಳ ಕಾಲಿನ್ನೂ ಕಂಬಳಿಯ ಮೇಲೇ ಇತ್ತು.

"ಅಮ್ಮಾ" ಅಂದ ಹುಡುಗ, "ನಿಮ್ ತಮ್ಮ ನಿಜವಾಗ್ಲೂ ಕದ್ದಿದ್ನೇನಮ್ಮ?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು, ಅವ್ವ ಬಿಟ್ಟುಹೋದ ಉತ್ತರ. ಓಬಕ್ಕ ಕೆಳಗೆ ನೋಡಿದಳು. ತನ್ನ ಪಾದ, ಅಪ್ಪನ ಕಂಬಳಿ.

"ಕದ್ದಿದ್ದ ಕಣಪ್ಪ" ಅಂದಳು. ಅಂದ ಮೇಲೆ ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಕದ್ದಿದ್ದ. ಅವ್ವಂಗೂ ಗೊತ್ತಿತ್ತು, ನಂಗೂ ಗೊತ್ತಿತ್ತು. ಆ ಗಂಟೆ ದನಿ ಅಂದ್ರೆ ಅವ್ನಿಗೆ ಪ್ರಾಣ."

ಪಾಲಯ್ಯ ಸ್ವಲ್ಪ ಯೋಚಿಸಿದ. "ಬೈದು ಉಣ್ಣಕ್ಕಿಕ್ಕಿದ್ರೆ ಆಗ್ತಿತ್ತು" ಅಂದ.

"ಹ್ಞೂಂ ಕಣೋ" ಅಂದಳು ಓಬಕ್ಕ, ಕಣ್ಣೀರು ಒರೆಸಿಕೊಳ್ಳದೆ. "ಇಕ್ಬೇಕಿತ್ತು."